ಬೆನ್ನಿಗೂ ಭಾರಕ್ಕೂ ನಡುವೆ

ಮೈಸೂರು ದಸರೆಯ ಜಂಬೂಸವಾರಿಗೆ ಹೋದವರೆಲ್ಲ ಚಿನ್ನದ ಅಂಬಾರಿಯನ್ನು ಕಣ್ತುಂಬಿಕೊಂಡು ಬರುತ್ತಾರೆ. ನನ್ನ ಕಣ್ಣು ಮಾತ್ರ ಅಂಬಾರಿಯ ಕೆಳಗೇ ನಿಂತುಬಿಡುತ್ತದೆ. ಅಲ್ಲಿರುವುದು ಒಂದು ಮೆತ್ತೆ, ನಾಲ್ಕಾರು ಸುತ್ತು ಹಗ್ಗ. 750 ಕೆ.ಜಿ. ತೂಕ ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು 5 ಕಿ.ಮೀ., ವಾಲದೆ ಸಾಗುವುದು ಅವುಗಳ ಬಲದಿಂದ. ಕಟ್ಟಿದವರು ಹುಣಸೂರು, ಎಚ್.ಡಿ. ಕೋಟೆ, ಕೊಡಗಿನ ಕಾಡಂಚಿನ ಶಿಬಿರಗಳ ಮಾವುತರು, ಅವರ ಸಹಾಯಕರಾದ ಕಾವಾಡಿಗಳು.

ಈ ಸೀಮೆಗೆ ಭಾರ ಸಾಗಿಸುವ ವಿದ್ಯೆ ಹೊಸದಲ್ಲ. ಕ್ರೇನು, ಟ್ರ್ಯಾಕ್ಟರು ಬರುವ ಮೊದಲು ತೇಗ, ಹೊನ್ನೆ, ಮತ್ತಿಯ ದಿಮ್ಮಿಗಳನ್ನು ಕಾಡಿನಿಂದ ಈಚೆಗೆ ಎಳೆದು ತಂದದ್ದು ಆನೆಗಳೇ. ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯಲು ನಡೆಸುತ್ತಿದ್ದ ಖೆಡ್ಡಾಗಳಲ್ಲಿ ಸೆರೆಸಿಕ್ಕ ಆನೆಗಳು ಹೀಗೆ ದುಡಿದವು. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1968ರಲ್ಲಿ, ಅಲ್ಲೇ ಸಿಕ್ಕ ಆನೆ ಅರ್ಜುನ. ಮುಂದೆ ಬಳ್ಳೆ ಶಿಬಿರದ ಅರ್ಜುನನೆಂದೇ ಹೆಸರಾಗಿ 2012ರಿಂದ 2019ರವರೆಗೆ ಅಂಬಾರಿ ಹೊತ್ತ.

ಅಂಬಾರಿ ಹೊರುವ ಆನೆಗೆ ಬರೀ ಗಾತ್ರ ಸಾಲದು. ಬೆನ್ನು ಅಗಲವಾಗಿ, ಆದಷ್ಟು ಸಮತಟ್ಟಾಗಿರಬೇಕು, ಹೆಜ್ಜೆ ಏರುಪೇರಾಗಬಾರದು, ಪಟಾಕಿ ಸದ್ದಿಗೆ, ಜನಜಂಗುಳಿಗೆ ಬೆದರಬಾರದು. ಅರವತ್ತು ದಾಟಿದ ಆನೆಗೆ ಭಾರ ಹೊರಿಸುವಂತಿಲ್ಲ. ಆ ಕಾರಣಕ್ಕೇ 2020ರಲ್ಲಿ ಅಂಬಾರಿ ಅರ್ಜುನನ ಬದಲು ಅಭಿಮನ್ಯು ಎಂಬ ಆನೆಯ ಬೆನ್ನೇರಿತು.

ಇನ್ನು ಕಟ್ಟುವ ಕೆಲಸ. ಆನೆಯ ಬೆನ್ನುಮೂಳೆ ನಡುವೆ ಉಬ್ಬಿ ನಿಂತಿರುತ್ತದೆ. ಭಾರ ನೇರವಾಗಿ ಅದರ ಮೇಲೆ ಕೂತರೆ ಚರ್ಮ ಕಿತ್ತು ಹುಣ್ಣಾಗುತ್ತದೆ. ಆದ್ದರಿಂದ ಮೊದಲು ನಮ್ದಾ ಎಂಬ ಮೆತ್ತನೆಯ ಹಾಸು, ಅದರ ಮೇಲೆ ಜೊಂಡುಹುಲ್ಲು ತುಂಬಿ ಹೊಲಿದ ಗೋಣಿಯ ಗಾದಿ. ಹುಲ್ಲು ಎಲ್ಲೂ ಗಂಟು ಕಟ್ಟಬಾರದು, ಎಲ್ಲೂ ಟೊಳ್ಳಾಗಬಾರದು. ಸರಿಯಾಗಿ ತುಂಬಿದ ಗಾದಿ ಭಾರವನ್ನು ಮೂಳೆಯಿಂದ ತಪ್ಪಿಸಿ ಎರಡೂ ಕಡೆಯ ಪಕ್ಕೆಲುಬಿಗೆ ಹಂಚುತ್ತದೆ. ಆಮೇಲೆ ಹಗ್ಗ. ಹೊಟ್ಟೆಯ ಕೆಳಗೆ ಒಂದು ಸುತ್ತು ಬಂದರೆ ಗಾದಿ ಪಕ್ಕಕ್ಕೆ ಜಾರುವುದಿಲ್ಲ, ಎದೆಯ ಮುಂದೆ ಬಂದರೆ ಹಿಂದಕ್ಕೆ ಸರಿಯುವುದಿಲ್ಲ, ಬಾಲದ ಬುಡದಡಿ ಹಾಯ್ದರೆ ಮುಂದಕ್ಕೆ ನುಗ್ಗುವುದಿಲ್ಲ. ಒಬ್ಬ ಮೇಲೆ ನಿಂತು ಹಗ್ಗ ಜಗ್ಗುತ್ತಾನೆ, ಇನ್ನೊಬ್ಬ ಕೆಳಗೆ ಹಗ್ಗದ ಸಂದಿಗೆ ಬೆರಳು ತೂರಿಸಿ ಬಿಗಿ ನೋಡುತ್ತಾನೆ. ಸಡಿಲವಾದರೆ ಅಂಬಾರಿ ವಾಲುತ್ತದೆ, ಅತಿಯಾದರೆ ಆನೆ ಉಸಿರಿಗೆ ತಿಣುಕುತ್ತದೆ. ಆ ಅಳತೆಗೆ ಮಾಪಕವಿಲ್ಲ. ಅದು ಬೆರಳಿಗೇ ಗೊತ್ತು. ಅಪ್ಪನ ಬೆರಳು ನೋಡಿ ಮಗನ ಬೆರಳು ಕಲಿತದ್ದು. ಜೇನುಕುರುಬ, ಬೆಟ್ಟಕುರುಬ ಮನೆತನಗಳ ಈ ಅರಿವನ್ನು ನಾವು ಸಾಕಷ್ಟು ಹೊಗಳಿಲ್ಲ ಅನ್ನಿಸುತ್ತದೆ ನನಗೆ.

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣದ, ಅಂದರೆ ದಸರೆಗೆ ಆನೆಗಳನ್ನು ಬೀಳ್ಕೊಡುವ, ಪೂಜೆ ಮುಗಿದು ಮೈಸೂರಿಗೆ ಬಂದ ಆನೆಗಳನ್ನು ಮೊದಲು ತೂಕಕ್ಕೆ ನಿಲ್ಲಿಸುತ್ತಾರೆ. ಲಾರಿ ತೂಗುವ ವೇಬ್ರಿಡ್ಜೇ ತಕ್ಕಡಿ. ಆಮೇಲೆ ಬರಿಮೈಯ ನಡಿಗೆ. ಅದು ರೂಢಿಯಾದ ಮೇಲೆ ಗಾದಿಯ ಮೇಲೆ ಕಬ್ಬಿಣದ ತೊಟ್ಟಿಲು ಕಟ್ಟಿ ಮರಳಿನ ಮೂಟೆ ಇಡುತ್ತಾರೆ. ಮೊದಮೊದಲು ಕಡಿಮೆ, ದಿನ ಕಳೆದಂತೆ ಹೆಚ್ಚು. ಎರಡೂ ಬದಿಯ ಮೂಟೆ ಸರಿದೂಗಬೇಕು. ಕೊನೆಗೆ ಮರದ ಅಂಬಾರಿ. ಅಕ್ಕಪಕ್ಕ ಕುಮ್ಕಿಗಳು, ಅಂದರೆ ಜೊತೆಗಾರ ಹೆಣ್ಣಾನೆಗಳು, ಹೆಜ್ಜೆ ಹಾಕುತ್ತಿದ್ದರೆ ಹೊತ್ತವನಿಗೂ ಧೈರ್ಯ.

ದುಡಿಸುವ ಮೈಗೆ ಆರೈಕೆಯೂ ಅಷ್ಟೇ. ಕುಸುಬಲಕ್ಕಿ, ಹೆಸರುಕಾಳು, ಉದ್ದು, ತರಕಾರಿ ಬೇಯಿಸಿ ಬೆಣ್ಣೆ ಸೇರಿಸಿದ ಉಂಡೆ, ಆಲದ ಸೊಪ್ಪು, ಜೊತೆಗೆ ಕುಸುರೆ. ಕುಸುರೆಯೆಂದರೆ ಭತ್ತ, ಬೆಲ್ಲ, ತೆಂಗಿನಕಾಯಿ ಇಟ್ಟು ಹುಲ್ಲಿನಲ್ಲಿ ಕಟ್ಟಿದ ಪೊಟ್ಟಣ. ಕಾವಾಡಿ ಅದನ್ನು ಒಂದೊಂದಾಗಿ ಕಟ್ಟಿ ಬಾಯಿಗಿಡುತ್ತಾನೆ.

ಗಾದಿ ಇಳಿಸಿದ ಮೇಲೆ ಸ್ನಾನ. ಉಜ್ಜುವ ಕೈ ಹೊಟ್ಟೆಯ ಕೆಳಗೆ, ಎದೆಯ ಮುಂದೆ, ಬಾಲದ ಬುಡದಲ್ಲಿ ತುಸು ನಿಧಾನವಾಗುತ್ತದೆ. ಹಗ್ಗ ಹಾಯ್ದ ಜಾಗಗಳವು. ಎಲ್ಲಾದರೂ ಬಿಸಿ ತಾಗಿತೇ, ಚರ್ಮ ತರಚಿತೇ ಎಂದು ಮಾವುತ ಅಂಗೈಯಲ್ಲೇ ಹುಡುಕುತ್ತಾನೆ. ಆನೆ ಕಿವಿ ಬೀಸುತ್ತ ಸುಮ್ಮನೆ ಮಲಗಿರುತ್ತದೆ.