ಮೇವಿನ ಯಂತ್ರದ ಒಡಲಲ್ಲಿ ನಿಲ್ಲುವ ಹುಲ್ಲು

ಮೇವಿಗೆ ಸಂಸ್ಕೃತದಲ್ಲಿ ಘಾಸವೆಂದೂ ಯವಸವೆಂದೂ ಹೆಸರುಂಟು. ಹಾವೇರಿ, ರಾಣಿಬೆನ್ನೂರು, ಬ್ಯಾಡಗಿ ತಾಲೂಕುಗಳ ಗೃಹಸ್ಥನಿಗೆ ಅದು ಜೋಳದ ಕಣಿಕೆ, ಗೋವಿನಜೋಳದ ಸೊಪ್ಪೆ, ಬದುವಿನ ಹಸಿಹುಲ್ಲು, ಇಷ್ಟೇ. ಹಿಂದೆ ಅದನ್ನು ಕೊಡಲಿಯಿಂದ ಕಡಿದು ಗೋದಲಿಗೆ ಹಾಕುತ್ತಿದ್ದರು. ಈಗ ವಿದ್ಯುಚ್ಛಕ್ತಿಯಿಂದ ನಡೆಯುವ ಮೇವು ಕತ್ತರಿಸುವ ಯಂತ್ರವು ಅನೇಕರ ಕೊಟ್ಟಿಗೆಯ ಬದಿಗೆ ಬಂದು ನಿಂತಿರುವದು. ಕೊಂಡವರು ಅಲಗಿಗೆ ಸಾಣೆ ಹಿಡಿಸುವರು, ಬೇರಿಂಗಿಗೆ ಗ್ರೀಸು ಹಚ್ಚುವರು. ಆದರೆ ಗಾಲಿಯ ಮೇಲಿನ ತಗಡಿನ ಮುಚ್ಚಳವನ್ನು ಬಿಚ್ಚಿ ಒಳಗೆ ನೋಡುವವರು ವಿರಳ. ನೋಡಿದರೆ, ಬೆರಳುದಪ್ಪದ ಕಪ್ಪು ಮೆತ್ತೆಯೊಂದು ತಗಡಿಗೆ ಅಂಟಿಕೊಂಡಿರುವದು ಕಾಣುವದು. ಹುಳಿವಾಸನೆಯೂ ಮೂಗಿಗೆ ಬಡಿಯುವದು.

ಇದು ಉಂಟಾಗುವ ಬಗೆ ಕಠಿಣವಾದುದಲ್ಲ. ಹಸಿ ಗೋವಿನಜೋಳದ ದಂಟಿನ ರಸದಲ್ಲಿ ಸಕ್ಕರೆಯ ಅಂಶವಿರುವದರಿಂದ ಅದು ಸಹಜವಾಗಿಯೇ ಅಂಟು. ತಿರುಗುವ ಗಾಲಿಯು ಸಣ್ಣ ಚೂರುಗಳನ್ನೂ ರಸವನ್ನೂ ಹೊರಮುಖವಾಗಿ ಎಸೆಯುವದು. ಮುಚ್ಚಳದ ಮೂಲೆಗಳಲ್ಲಿಯೂ ಮೇವು ಹೊರಬೀಳುವ ಬಾಯಿಯ ಬಳಿಯಲ್ಲಿಯೂ ಅವು ಕುಳಿತು, ಮೊದಲನೆಯ ಪದರವು ಎರಡನೆಯದಕ್ಕೆ ಪೀಠವಾಗುವದು. ಅಲಗು ಮೊಂಡಾಗಿದ್ದರೆ ದಂಟು ಕತ್ತರಿಸದೆ ಜಜ್ಜಿ ರಸವು ಇನ್ನಷ್ಟು ಸುರಿಯುವದು. ಹೀಗೆ ಗಾಲಿಗೂ ತಗಡಿಗೂ ನಡುವಿನ ಎಡೆಯು ಕಿರಿದಾಗಿ, ಬೆಲ್ಟು ಜಾರಿ, ಮೋಟಾರು ಕಾಯುವದು. ತೇವದ ಕೆಳಗೆ ಕಬ್ಬಿಣವು ತುಕ್ಕು ಹಿಡಿಯುವದನ್ನಂತೂ ಹೇಳಬೇಕಾದುದಿಲ್ಲ.

ಕಡೆಗೊಂದು ದಿನ ಹೊರಬಾಯಿಯು ಕಟ್ಟಿಕೊಳ್ಳುವದು. ಅನರ್ಥವೆಲ್ಲವೂ ಆ ಕ್ಷಣದಲ್ಲಿಯೇ. ರಾಣಿಬೆನ್ನೂರಿನ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಅಂದವಾದ ಅಕ್ಷರದವನು, ಬಲಗೈಯ ಎರಡು ಬೆರಳುಗಳನ್ನು ಹೀಗೆಯೇ ಕಳೆದುಕೊಂಡನು. ನಾನು ಕೇಳಿದಾಗ ಅವನೆಂದದ್ದು ಇಷ್ಟೇ: “ಮಾಸ್ತರ್ರ, ಗುಂಡಿ ಆರಿಸಿದ್ದೆರೀ, ಗಾಲಿ ನಿಂತಿರಲಿಲ್ಲರೀ.” ಭಾರವಾದ ಗಾಲಿಯು ವಿದ್ಯುತ್ತು ನಿಂತ ಮೇಲೆಯೂ ತನ್ನ ವೇಗದಿಂದಲೇ ಕೆಲಹೊತ್ತು ತಿರುಗುತ್ತಿರುವದು. ಸಿಕ್ಕಿಕೊಂಡು ನಿಂತ ಗಾಲಿಯೂ ನಂಬತಕ್ಕದ್ದಲ್ಲ. ಅಡ್ಡವಿದ್ದ ಹುಲ್ಲನ್ನು ಎಳೆದೊಡನೆ, ಬಿಗಿದ ಬೆಲ್ಟಿನ ಸೆಳೆತದಿಂದ ಅದು ಫಕ್ಕನೆ ಒಂದಿಷ್ಟು ತಿರುಗಬಹುದು.

ಆದುದರಿಂದ ಗುಂಡಿಯನ್ನು ಆರಿಸುವದಷ್ಟೇ ಸಾಲದು. ಪ್ಲಗ್ಗನ್ನು ಕಿತ್ತು, ಗಾಲಿಯು ಪೂರ್ತಿ ನಿಂತುದನ್ನು ಕಣ್ಣಾರೆ ಕಂಡು, ಬೆಲ್ಟನ್ನು ಕಳಚಿ, ಗಾಲಿಯ ಅರಗಳ ನಡುವೆ ಕಟ್ಟಿಗೆಯ ತುಂಡೊಂದನ್ನು ಸೇರಿಸಿದ ತರುವಾಯವೇ ಮುಚ್ಚಳವನ್ನು ಬಿಚ್ಚತಕ್ಕದ್ದು. ಮಕ್ಕಳು ದೂರವಿರಲಿ. ಮೆತ್ತೆಯನ್ನು ಬಿದಿರಿನ ಚಕ್ಕೆಯಿಂದ ಕೆರೆಯಬೇಕು. ಕುಡುಗೋಲಿನಿಂದ ಕೆರೆದರೆ ಬಣ್ಣವು ಕಿತ್ತು, ಆ ಗೀರಿನಿಂದಲೇ ತುಕ್ಕು ಹುಟ್ಟುವದು. ಒಣಗಿ ಬಿಗಿದಿದ್ದರೆ ಒದ್ದೆಯ ಬಟ್ಟೆಯನ್ನು ಕೆಲಹೊತ್ತು ಹೊದಿಸಿದರೆ ಸಡಿಲಾಗುವದು. ಕೊಡದಿಂದ ನೀರು ಸುರಿಯುವವರನ್ನು ಕಂಡಿದ್ದೇನೆ. ಮೋಟಾರಿಗೆ ನೀರು ತಗಲಿದರೆ ಪ್ರಾಣಾಪಾಯವು. ಕೆಲವರು ಮತ್ತೆ ಅಂಟದಿರಲೆಂದು ಹಳೆಯ ಎಂಜಿನ್ ಎಣ್ಣೆಯನ್ನು ಬಳಿಯುವರು. ಆ ಎಣ್ಣೆಯು ನಾಳೆ ಮೇವಿನೊಡನೆ ಎಮ್ಮೆಯ ಹೊಟ್ಟೆಗೇ ಹೋಗುವದೆಂಬ ವಿಚಾರವು ಅವರಿಗೆ ಹೊಳೆಯದಿರುವದು ಆಶ್ಚರ್ಯವು!

ಹಾಲಿನ ಮಾತೂ ಇಲ್ಲಿಯೇ ಬರುವದು. ನಿಂತ ಮೇವಿಗೆ ಬೂಷ್ಟು ಹಿಡಿದು, ಅದರ ತುಣುಕುಗಳು ಮರುದಿನದ ಮೇವಿನಲ್ಲಿ ಕಲೆಯುವವು. ಬೂಷ್ಟೆಲ್ಲವೂ ವಿಷವಲ್ಲ. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾಹಿಂಡಿಯನ್ನು ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಅಫ್ಲಾಟಾಕ್ಸಿನ್ ಎಂಬ ವಿಷವು ಬೆಳಕಿಗೆ ಬಂದಿತು. ಆಕಳು ಅದನ್ನು ತಿಂದರೆ ಅದರ ಅಂಶವು ಹಾಲಿಗಿಳಿಯುವದು; ಕಾಯಿಸಿದರೂ ನಾಶವಾಗುವದಿಲ್ಲ. ತೇವದ ಕೇಡನ್ನು ಬ್ಯಾಡಗಿಯವರಿಗೆ ಕಲಿಸಬೇಕಾದುದಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಅವರ ಮೆಣಸಿನಕಾಯಿಯು ಸರಿಯಾಗಿ ಒಣಗದೆ ಚೀಲ ಸೇರಿದರೆ ಆಗುವ ಗತಿಯನ್ನು ಅವರು ಬಲ್ಲರು.

ಅಂಟದಂತೆ ನೋಡಿಕೊಳ್ಳುವದು ಕೆರೆಯುವದಕ್ಕಿಂತ ಸುಲಭ. ಇಬ್ಬನಿ ಆರದ ಹುಲ್ಲನ್ನು ಯಂತ್ರಕ್ಕೆ ಕೊಡಬಾರದು. ಬೇರಿನ ಮಣ್ಣನ್ನು ಕೊಡವಿ, ಒಂದೊಂದು ಹಿಡಿಯಾಗಿ ಕೊಡಬೇಕು. ಹಸಿಯ ನಡುನಡುವೆ ಒಣಗಿದ ಕಣಿಕೆಯನ್ನು ಹಾಕಿ, ಕಡೆಯ ಹಿಡಿಯೂ ಒಣಕಣಿಕೆಯದೇ ಆದರೆ, ಅದು ಅಂಟನ್ನು ತಾನೇ ಉಜ್ಜಿಕೊಂಡು ಹೊರಬೀಳುವದು. ಆಮೇಲೆ ಎರಡು ನಿಮಿಷ ಯಂತ್ರವನ್ನು ಬರಿದೇ ತಿರುಗಿಸಿದರಾಯಿತು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಮುಚ್ಚಳವನ್ನು ಬಿಚ್ಚಿ ನೋಡತಕ್ಕದ್ದು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿದರೂ ನಡೆಯುವದು.

ಅಂಗಳದ ಹುಲ್ಲುಹಾಸನ್ನು ಕತ್ತರಿಸುವ ಯಂತ್ರಕ್ಕೂ ಇದೇ ರೋಗವು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವನು, ಉಣ್ಣೆಯ ಬಟ್ಟೆಯ ನವಿರನ್ನು ಕತ್ತರಿಸುವ ಯಂತ್ರವನ್ನು ನೋಡಿ ಅದನ್ನು ಕಲ್ಪಿಸಿದನು. ಇಂದಿನವುಗಳಲ್ಲಿ ಅಲಗು ಮುಚ್ಚಳದ ಕೆಳಗೆ ಅಡ್ಡಲಾಗಿ ತಿರುಗುವದರಿಂದ ಒದ್ದೆಹುಲ್ಲು ಅಲ್ಲಿಯೇ ಮೆತ್ತಿಕೊಳ್ಳುವದು. ಒಂದೇ ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು. ಪೆಟ್ರೋಲಿನ ಯಂತ್ರವಾದರೆ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಮೊದಲು ಕಳಚಿ, ಗಾಳಿಸೋಸುಕವು ಮೇಲ್ಮುಖವಾಗಿರುವಂತೆ ವಾಲಿಸಬೇಕು. ಇಲ್ಲವಾದರೆ ಎಣ್ಣೆಯು ಅದರೊಳಗೆ ಇಳಿದು ಯಂತ್ರವು ಹೊತ್ತಿಕೊಳ್ಳದೆ ಹಟ ಹಿಡಿಯುವದು.