ಕ್ಯಾನ್ಸರ್ ಸಂಶೋಧನೆಯೂ ಬಡನಾಡುಗಳ ಪಾಲೂ

ಬೀದರ ಜಿಲ್ಲೆಯ ಬಸವಕಲ್ಯಾಣದಿಂದ ಪಡುವಣಕ್ಕೆ ರಾಜ್ಯದ ಗಡಿಯನ್ನು ದಾಟಿದರೆ ಮಹಾರಾಷ್ಟ್ರದ ಉಸ್ಮಾನಾಬಾದ ಜಿಲ್ಲೆ ಸಿಗುತ್ತದೆ. ಈಗ ಅದಕ್ಕೆ ಧಾರಾಶಿವ ಎಂದು ಹೆಸರು. ಆ ಭಾಗದ ಜನರಿಗೂ ನಮ್ಮ ಗಡಿನಾಡಿನವರಿಗೂ ಹೆಣ್ಣು ಕೊಟ್ಟು ತರುವ ಬೀಗತನ ಹಿಂದಿನಿಂದಲೂ ಉಂಟು. ಆ ಜಿಲ್ಲೆಯ ಹಳ್ಳಿಗಳಲ್ಲಿ 1999ರಲ್ಲಿ ಆರಂಭವಾದ ಒಂದು ವೈದ್ಯಕೀಯ ಪ್ರಯೋಗವು ಇಂದು ಜಗತ್ತಿನ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಕ್ರಮವನ್ನೇ ಬದಲಿಸಿದೆ ಎಂಬ ಸಂಗತಿ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಮೂವತ್ತರಿಂದ ಐವತ್ತೊಂಬತ್ತು ವಯಸ್ಸಿನ 1,31,746 ಆರೋಗ್ಯವಂತ ಹೆಣ್ಣುಮಕ್ಕಳು ಅದರಲ್ಲಿ ಸೇರಿದ್ದರು. ಹಳ್ಳಿಗಳನ್ನು 52 ಗುಂಪುಗಳಾಗಿ ಮಾಡಿ, ಆ ಗುಂಪುಗಳನ್ನು ಚೀಟಿ ಎತ್ತಿದಂತೆ ನಾಲ್ಕು ಪಾಲು ಮಾಡಲಾಯಿತು. ಒಂದು ಪಾಲಿನವರಿಗೆ ಎಚ್‌ಪಿವಿ ಎಂಬ ವೈರಾಣುವಿನ ಪರೀಕ್ಷೆ, ಇನ್ನೊಂದಕ್ಕೆ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಮೂರನೆಯದಕ್ಕೆ ಆಮ್ಲದ್ರವವನ್ನು ಸವರಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ. ನಾಲ್ಕನೆಯ ಪಾಲಿನ ಮೂವತ್ತೊಂದು ಸಾವಿರಕ್ಕೂ ಹೆಚ್ಚು ಮಹಿಳೆಯರಿಗೆ ತಪಾಸಣೆಯೇ ಇಲ್ಲ. ಹೋಲಿಕೆಗಾಗಿ ಅವರನ್ನು ಹಾಗೆಯೇ ಬಿಡಲಾಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಫ್ರಾನ್ಸಿನ ಲಿಯಾನ್ ನಗರದ ಸಂಶೋಧನ ಕೇಂದ್ರ, ಇವು ಕೂಡಿ ನಡೆಸಿದ ಈ ಕಾರ್ಯಕ್ಕೆ ಹಣ ಬಂದದ್ದು ಅಮೆರಿಕದ ಗೇಟ್ಸ್ ಪ್ರತಿಷ್ಠಾನದಿಂದ. ಮುಂದಾಳು ವೈದ್ಯರಾದ ಆರ್. ಶಂಕರನಾರಾಯಣನ್ ಭಾರತೀಯರೇ, ಆದರೆ ಆಗ ಅವರಿದ್ದದ್ದು ಲಿಯಾನಿನಲ್ಲಿ.

ಎಂಟು ವರ್ಷಗಳ ಬಳಿಕ ಲೆಕ್ಕ ತೆಗೆದಾಗ, ವೈರಾಣು ಪರೀಕ್ಷೆಗೆ ಒಳಗಾದ ಪಾಲಿನಲ್ಲಿ ಈ ರೋಗದಿಂದ ಸತ್ತವರು 34 ಮಂದಿ, ತಪಾಸಣೆಯಿಲ್ಲದ ಪಾಲಿನಲ್ಲಿ 64 ಮಂದಿ. ಜೀವಮಾನದಲ್ಲಿ ಒಂದೇ ಒಂದು ಸಲ ಮಾಡಿದ ಪರೀಕ್ಷೆ ಸಾವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತ್ತು. ಉಳಿದೆರಡು ಪರೀಕ್ಷೆಗಳಿಂದ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಈ ಫಲಿತಾಂಶವು 2009ರ ಏಪ್ರಿಲಿನಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಪತ್ರಿಕೆಯಾದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವೈರಾಣು ಪರೀಕ್ಷೆಯೇ ಮೊದಲ ಆಯ್ಕೆಯಾಗಬೇಕೆಂದು ಎಲ್ಲ ದೇಶಗಳಿಗೂ ಸೂಚಿಸಿತು.

ಇತ್ತ ನಮ್ಮ ದೇಶದ ಸ್ಥಿತಿಯನ್ನು ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮೂವತ್ತರಿಂದ ನಲವತ್ತೊಂಬತ್ತು ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇಕಡ 1.9 ಮಾತ್ರ. ನೂರು ಜನರಲ್ಲಿ ಇಬ್ಬರೂ ತುಂಬುವುದಿಲ್ಲ. ಜ್ಞಾನ ಹುಟ್ಟಿದ್ದು ನೆರೆಯ ಜಿಲ್ಲೆಯಲ್ಲಿ, ಪ್ರಕಟವಾದದ್ದು ಬೋಸ್ಟನ್ನಿನಲ್ಲಿ. ಮರಳಿ ಈ ಹಳ್ಳಿಗಳಿಗೆ ಬರುವ ದಾರಿಯಲ್ಲಿ ಮಾತ್ರ ಅದು ಎಲ್ಲಿಯೋ ನಿಂತುಹೋಗಿದೆ. ಹೋಲಿಕೆಯ ಪಾಲಿನಲ್ಲಿದ್ದ ಮಹಿಳೆಯರನ್ನು ತಪಾಸಣೆಯಿಲ್ಲದೆ ಬಿಟ್ಟದ್ದು ನ್ಯಾಯವೇ ಎಂಬ ಬಗ್ಗೆ ವೈದ್ಯಕೀಯ ನೀತಿಯನ್ನು ಚರ್ಚಿಸುವವರಲ್ಲಿ ತೀವ್ರವಾದ ವಾಗ್ವಾದವೇ ನಡೆಯಿತು. ದೇಶದಲ್ಲಿ ಆಗ ಯಾರಿಗೂ ತಪಾಸಣೆ ಇರಲಿಲ್ಲವಾದ್ದರಿಂದ ಅವರಿಂದ ಏನನ್ನೂ ಕಸಿದುಕೊಂಡಂತಾಗಲಿಲ್ಲ ಎಂಬುದು ಸಮರ್ಥಕರ ವಾದ. ತರ್ಕಕ್ಕೆ ಅದು ಸರಿಯಿರಬಹುದು. ಆದರೆ ಶ್ರೀಮಂತ ದೇಶದ ಹೆಣ್ಣುಮಕ್ಕಳ ಮೇಲೆ ಅಂಥ ಪ್ರಯೋಗವನ್ನು ಯಾರೂ ಯೋಚಿಸುತ್ತಿರಲಿಲ್ಲವೆಂಬುದೂ ಅಷ್ಟೇ ಸರಿ.

ಈ ಅಸಮತೆ ಹೊಸದಲ್ಲ. ಉಗಾಂಡದ ಕಂಪಾಲಾ ನಗರದ ಮುಲಾಗೊ ಆಸ್ಪತ್ರೆಯಲ್ಲಿ ಮಕ್ಕಳ ದವಡೆಯಲ್ಲಿ ಬೆಳೆಯುತ್ತಿದ್ದ ಗೆಡ್ಡೆಯನ್ನು ಕುರಿತು ಡೆನಿಸ್ ಬರ್ಕಿಟ್ 1958ರಲ್ಲಿ ಬ್ರಿಟಿಷ್ ಶಸ್ತ್ರವೈದ್ಯರ ಪತ್ರಿಕೆಯಲ್ಲಿ ಬರೆದರು. ಆ ರೋಗ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಕಂಪಾಲಾದಿಂದ ವಿಮಾನದಲ್ಲಿ ಲಂಡನ್ನಿಗೆ ಕಳುಹಿಸಿದ ಗೆಡ್ಡೆಯ ತುಣುಕುಗಳಲ್ಲಿ 1964ರಲ್ಲಿ ಎಪ್ಸ್ಟೀನ್, ಬಾರ್ ಮೊದಲಾದವರು ಒಂದು ವೈರಾಣುವನ್ನು ಕಂಡುಹಿಡಿದರು. ಅದಕ್ಕೂ ಅವರ ಹೆಸರೇ ಬಂತು. ಬರ್ಕಿಟ್ ಸಜ್ಜನರು, ಶ್ರಮಜೀವಿಗಳು, ಅದರಲ್ಲಿ ಸಂದೇಹವಿಲ್ಲ. ಆದರೂ ನೋವುಂಡ ಮಕ್ಕಳ ನಾಡಿಗೆ ಆ ಚರಿತ್ರೆಯಲ್ಲಿ ಒಂದು ವಿಳಾಸದಷ್ಟೇ ಸ್ಥಾನ.

ಇಂದಿನ ಲೆಕ್ಕವೂ ನಮ್ಮ ಮುಂದಿದೆ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ವಿದ್ವಾಂಸರು ಮತ್ತು ಸಂಗಡಿಗರು 2014ರಿಂದ 2017ರವರೆಗೆ ಪ್ರಕಟವಾದ 694 ಕ್ಯಾನ್ಸರ್ ಚಿಕಿತ್ಸಾ ಪ್ರಯೋಗಗಳನ್ನು ಎಣಿಸಿ 2021ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 636 ಶ್ರೀಮಂತ ದೇಶಗಳ ನೇತೃತ್ವದವು, ಮಧ್ಯಮ ಮತ್ತು ಬಡ ದೇಶಗಳವು ಕೇವಲ 58. ಬಡನಾಡುಗಳ ಪ್ರಯೋಗಗಳು ಗಾತ್ರದಲ್ಲಿ ಚಿಕ್ಕವು, ಆದರೆ ಅವು ತೋರಿದ ಚಿಕಿತ್ಸೆಯ ಲಾಭ ಹೆಚ್ಚು. ಹಾಗಿದ್ದರೂ ಅವು ಬೆಳಕು ಕಂಡದ್ದು ಕಡಿಮೆ ಹೆಸರಿನ ಪತ್ರಿಕೆಗಳಲ್ಲಿ. ಪತ್ರಿಕೆಗಳ ಪ್ರಭಾವವನ್ನು ಅಳೆಯುವ ಅಂಕದಲ್ಲಿ ಒಂದು ಕಡೆಗೆ ಏಳು, ಇನ್ನೊಂದು ಕಡೆಗೆ ಇಪ್ಪತ್ತೊಂದು. ಯಶಸ್ವಿಯಾದ ಪ್ರಯೋಗಗಳನ್ನಷ್ಟೇ ಪ್ರತ್ಯೇಕಿಸಿ ಹೋಲಿಸಿದರೂ ಈ ಅಂತರ ಉಳಿಯಿತು. ಆದ್ದರಿಂದ ಬರವಣಿಗೆಯ ಗುಣವನ್ನು ಮಾತ್ರ ದೂರಿ ಸುಮ್ಮನಾಗುವಂತಿಲ್ಲ.

ಪ್ರಕಟಣೆಯ ದ್ವಾರದಲ್ಲಿ ಸುಂಕದ ಕಟ್ಟೆಯೂ ಉಂಟು. ಮೊದಲು ಓದುವವನು ಹಣ ತೆರಬೇಕಿತ್ತು. ಎಲ್ಲರೂ ಓದಲಿ ಎಂಬ ಸದುದ್ದೇಶದಿಂದ ಹೊಸ ಪದ್ಧತಿ ಬಂದಾಗ ಆ ಭಾರ ಬರೆಯುವವನ ಹೆಗಲಿಗೆ ಬಿತ್ತು. ನೇಚರ್ ಪತ್ರಿಕೆಯು 2020ರಲ್ಲಿ ಹೀಗೆ ಒಂದು ಲೇಖನವನ್ನು ಮುಕ್ತವಾಗಿ ಪ್ರಕಟಿಸಲು ಗೊತ್ತುಮಾಡಿದ ಶುಲ್ಕ 9,500 ಯೂರೊ, ಎಂದರೆ ಎಂಟು ಲಕ್ಷ ರೂಪಾಯಿಗಿಂತಲೂ ಹೆಚ್ಚು. ಬಡ ದೇಶಗಳ ಲೇಖಕರಿಗೆ ಪ್ರಕಾಶಕರು ಕೆಲವು ವಿನಾಯಿತಿಗಳನ್ನು ಕೊಡುತ್ತಾರೆ, ನಿಜ. ಆದರೆ ಭಾರತದಂಥ ದೇಶದ ಪಾಡು ವಿಚಿತ್ರ. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಬಡ ರಾಷ್ಟ್ರಗಳ ವೈದ್ಯರಿಗೆಂದು ಆರಂಭಿಸಿದ ಹಿನಾರಿ ಎಂಬ ಉಚಿತ ಓದಿನ ಯೋಜನೆಯಲ್ಲಿ ನಮಗೆ ಸ್ಥಳ ಸಿಗಲಿಲ್ಲ. ದಾನ ಪಡೆಯಲು ನಾವು ದೊಡ್ಡವರು, ಬೆಲೆ ಕೊಡಲು ಚಿಕ್ಕವರು! ಈ ಪತ್ರಿಕೆಗಳಿಗೆ ಬರೆಯುವ ವಿದ್ವಾಂಸನಿಗೂ, ಬರೆದದ್ದನ್ನು ಪರಿಶೀಲಿಸಿ ತಿದ್ದುವ ವಿದ್ವಾಂಸನಿಗೂ ಸಾಮಾನ್ಯವಾಗಿ ಸಂಭಾವನೆಯೇ ಇಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ನಕಲು ಮಾಡುತ್ತ ಬೆಳೆದ ನನ್ನಂಥವನಿಗೆ ಈ ವ್ಯಾಪಾರದ ಮರ್ಮ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನೂ ಹಣವೇ ನಿರ್ಧರಿಸುತ್ತದೆ. ಇದಕ್ಕೆ ಟಾಟಾ ಸ್ಮಾರಕ ಆಸ್ಪತ್ರೆಯ ಒಂದು ನಿದರ್ಶನ ಸಾಕು. ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ನಿವೊಲುಮ್ಯಾಬ್ ಎಂಬ ಔಷಧವನ್ನು ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುವುದು ವಾಡಿಕೆ. ಅದರ ಬೆಲೆ ನಮ್ಮ ಬಹುಪಾಲು ಕುಟುಂಬಗಳ ಕೈಗೆ ಎಟುಕದು. ಅಲ್ಲಿಯ ವೈದ್ಯರು ಮೂರು ವಾರಕ್ಕೊಮ್ಮೆ ಕೇವಲ 20 ಮಿಲಿಗ್ರಾಂ ಕೊಟ್ಟು ನೋಡಿದರು. ಆರು ವಾರಗಳ ಲೆಕ್ಕದಲ್ಲಿ ಇದು ವಾಡಿಕೆಯ ಪ್ರಮಾಣದ ಹದಿನೆಂಟನೆಯ ಒಂದು ಪಾಲು. 151 ರೋಗಿಗಳ ಆ ಪ್ರಯೋಗದಲ್ಲಿ, ಈ ಔಷಧವಿಲ್ಲದೆ ಉಳಿದ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ ಒಂದು ವರ್ಷ ಬದುಕಿದವರು ಶೇಕಡ 16.3, ಈ ಅಲ್ಪ ಪ್ರಮಾಣವನ್ನೂ ಸೇರಿಸಿ ಪಡೆದವರಲ್ಲಿ ಶೇಕಡ 43.4. ಔಷಧ ಕಡಿಮೆ ಮಾರಾಟವಾಗಲಿ ಎಂದು ಯಾವ ಕಂಪನಿಯೂ ಇಂಥ ಪ್ರಯೋಗಕ್ಕೆ ಕೈಹಾಕದು. ಹೊಗೆಸೊಪ್ಪು, ಗುಟ್ಕಾಗಳಿಂದ ಬಾಯಿಯ ಕ್ಯಾನ್ಸರ್ ಮನೆಮನೆಯ ದುಃಖವಾಗಿರುವ ನಾಡಿನ ವೈದ್ಯರೇ ಅದನ್ನು ಮಾಡಬೇಕಾಯಿತು. ಸಂತೋಷದ ಮಾತೆಂದರೆ, ಅದು ಅಮೆರಿಕದ ಮುಖ್ಯ ಕ್ಯಾನ್ಸರ್ ಪತ್ರಿಕೆಯೊಂದರಲ್ಲಿಯೇ ಪ್ರಕಟವಾಯಿತು.

ನಮ್ಮ ಸರ್ಕಾರವೂ ಸುಮ್ಮನೆ ಕುಳಿತಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟವು ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು 2025ರ ಜನವರಿಯಿಂದ ಸರ್ಕಾರಿ ವಿದ್ಯಾಸಂಸ್ಥೆಗಳು ಓದಬಹುದಾಗಿದೆ. ಆದರೆ ಮೊದಲ ಹಂತದ ಈ ಸೌಕರ್ಯ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಎಷ್ಟೋ ಮಠಗಳೂ ಧರ್ಮಸಂಸ್ಥೆಗಳೂ ನಡೆಸುವಂಥವು. ಹಳ್ಳಿಯ ರೋಗಿ ಮೊದಲು ಬಾಗಿಲು ತಟ್ಟುವುದೂ ಹಲವು ಸಲ ಅಲ್ಲಿಯೇ. ಅಲ್ಲಿಯ ವೈದ್ಯನು ಈ ಪಟ್ಟಿಯಿಂದ ಹೊರಗುಳಿದನು. ಎರಡನೆಯ ಹಂತದಲ್ಲಿಯಾದರೂ ತಮ್ಮನ್ನು ಸೇರಿಸಿಕೊಳ್ಳಬೇಕೆಂದು ಆ ಸಂಸ್ಥೆಗಳ ಆಡಳಿತ ಮಂಡಳಿಗಳು ಒಟ್ಟಾಗಿ ಕೇಳುವುದು ಉಚಿತ.

ಮನೆಯಲ್ಲಿ ಯಾರಿಗಾದರೂ ಈ ರೋಗ ಬಂದು, ವೈದ್ಯರು ಪ್ರಯೋಗವೊಂದಕ್ಕೆ ಸೇರುವಿರಾ ಎಂದು ಕೇಳಿದರೆ ಹೆದರಬೇಕಿಲ್ಲ. ಪ್ರಶ್ನಿಸದೆ ಒಪ್ಪಬೇಕೆಂದೂ ಇಲ್ಲ. ಒಪ್ಪಿಗೆಯ ಪತ್ರ ತಮಗೆ ತಿಳಿಯುವ ಭಾಷೆಯಲ್ಲಿರಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ನಿಯಮ. ಕನ್ನಡದ ಪ್ರತಿಯನ್ನು ಕೇಳಿ ಪಡೆದು, ಓದುಬರಹ ಬಲ್ಲ ಮಕ್ಕಳಿಂದ ಮನೆಯಲ್ಲಿ ಎಲ್ಲರ ಮುಂದೆ ಓದಿಸಿರಿ. ದೇಶದಲ್ಲಿ ನಡೆಯುವ ಪ್ರಯೋಗಗಳ ವಿವರ 2007ರಲ್ಲಿ ಆರಂಭವಾದ ಸರ್ಕಾರಿ ನೋಂದಣಿ ಪಟ್ಟಿಯಲ್ಲಿ ಉಚಿತವಾಗಿ ನೋಡಸಿಗುತ್ತದೆ. ಯಾರ ಹಣ, ಯಾವ ಆಸ್ಪತ್ರೆ, ಎಷ್ಟು ರೋಗಿಗಳು ಎಂಬುದೆಲ್ಲ ಅಲ್ಲಿರುತ್ತದೆ. ಪ್ರಯೋಗ ಮುಗಿದ ಮೇಲೆ ಫಲಿತಾಂಶವನ್ನು ನಮಗೂ ತಿಳಿಸುವಿರಾ ಎಂಬ ಪ್ರಶ್ನೆಯನ್ನು ಸಹಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಆ ಪತ್ರದಲ್ಲಿಯೇ ಬರೆಸಿಕೊಳ್ಳಿರಿ.