ಅರ್ಧ ಹನಿ ಜೊಲ್ಲಿನ ಬಲ

ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ಬಯಾನ್ ಲೆಪಾಸ್ ಎಂಬ ಊರಿದೆ. ಇಂಟೆಲ್ ಕಂಪನಿ ಅಮೆರಿಕದಾಚೆ ತನ್ನ ಮೊದಲ ಕಾರ್ಖಾನೆ ತೆರೆದದ್ದು ಅಲ್ಲೇ, 1972ರಲ್ಲಿ. ಚಿಪ್ ಜೋಡಿಸುವವರಿಗೆ ಸದಾ ಒಂದೇ ಚಿಂತೆ: 217 ಡಿಗ್ರಿಯ ಸುಮಾರಿಗೆ ಕರಗುವ ತವರದ ಬೆಸುಗೆ ತಾಮ್ರದ ಮೇಲೆ ಹರಡೀತೋ, ಗುಂಡಗೆ ಮುದುಡೀತೋ? ಹರಡಿದರೆ ಜೋಡಣೆ ಗಟ್ಟಿ, ಮುದುಡಿದರೆ ಹಾಳು.

ಹಲ್ಲು ಕಟ್ಟಿಸಿಕೊಂಡವರ ಬಾಯಲ್ಲಿ ಇದೇ ಲೆಕ್ಕ 37 ಡಿಗ್ರಿಯಲ್ಲಿ ನಡೆಯುತ್ತದೆ. ಹನಿಯ ಅಂಚು ಮೇಲ್ಮೈ ಜೊತೆ ಮಾಡುವ ಕೋನ ಅಳೆದರೆ ಸಾಕು ಎಂದು ಥಾಮಸ್ ಯಂಗ್ 1805ರಲ್ಲೇ ತೋರಿಸಿದ್ದ. ಸೊನ್ನೆ ಎಂದರೆ ಪೂರ್ತಿ ಒದ್ದೆ. 90 ದಾಟಿದರೆ ಕೆಸುವಿನೆಲೆಯ ಮೇಲಿನ ನೀರು. ಹಲ್ಲಿನ ಸೆಟ್‌ನ ಗುಲಾಬಿ ಅಕ್ರಿಲಿಕ್ 70ರ ಆಸುಪಾಸಿನಲ್ಲಿದೆ. ಅಚ್ಚು ತೆಗೆಯುವ ಮಾಮೂಲಿ ಸಿಲಿಕೋನ್ 90ರ ಮೇಲೆ. ಡಾಕ್ಟರು ಮೊದಲು ಗಾಳಿ ಊದಿ ಹಲ್ಲು ಒಣಗಿಸುವುದು ಸುಮ್ಮನೆ ಅಲ್ಲ.

ಈಗ ಒಂದು ಲೆಕ್ಕ ಹಾಕೋಣ. ಮೇಲಿನ ಪೂರ್ತಿ ಸೆಟ್ ಅಂಗುಳಕ್ಕೆ ತಾಗುವ ಜಾಗ ಸುಮಾರು 23 ಚದರ ಸೆಂಟಿಮೀಟರ್ ಎನ್ನಿ. ನಡುವೆ ಮಿಲಿಮೀಟರಿನ ನೂರನೇ ಒಂದು ಪಾಲು ದಪ್ಪದ ಜೊಲ್ಲಿನ ಪದರ. ಒಟ್ಟು ಜೊಲ್ಲು 0.023 ಮಿಲಿಲೀಟರ್, ಅರ್ಧ ಹನಿ! ಅಂಗುಳ ಪೂರ್ತಿ ಒದ್ದೆಯಾಗಿ, ಅಕ್ರಿಲಿಕ್‌ನ ಕೋನ 72 ಡಿಗ್ರಿ ಇದ್ದರೆ, ಆ ಅರ್ಧ ಹನಿ ಹಿಡಿದು ನಿಲ್ಲಿಸಬಲ್ಲ ಭಾರ 1.6 ಕೆ.ಜಿ. ಅಕ್ರಿಲಿಕ್ ಕೂಡ ಪೂರ್ತಿ ಒದ್ದೆಯಾಗುವಂತಿದ್ದರೆ ಸುಮಾರು ಎರಡೂವರೆ ಕೆ.ಜಿ. ಆದರೆ ಸೆಟ್ ಸಡಿಲವಾಗಿ ಪದರ ಹತ್ತು ಪಟ್ಟು ದಪ್ಪವಾಯಿತೋ, ಬಲ 160 ಗ್ರಾಮಿಗೆ ಇಳಿಯಿತು. ಕಾಗದದ ಮೇಲಿನ ಲೆಕ್ಕ ಇದು, ನಿಜ. ಸೆಟ್‌ನ ಅಂಚು ಜೊಲ್ಲಿನಲ್ಲಿ ಮುಳುಗಿದಷ್ಟೂ ಈ ಹಿಡಿತ ಕಡಿಮೆಯಾಗುತ್ತದೆ. ಆದರೂ ಹಳೇ ಸೆಟ್ ಮಾತಿನ ಮಧ್ಯೆ ಯಾಕೆ ಜಾರುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಸ್ವಂತ ಹಲ್ಲಿನೊಳಗೆ ಇನ್ನೂ ಸಣ್ಣ ಲೋಕ. ಎನಾಮಲ್‌ ಕೆಳಗಿನ ಡೆಂಟಿನ್‌ನಲ್ಲಿ, ನರದ ಹತ್ತಿರ, ಒಂದು ಚದರ ಮಿಲಿಮೀಟರಿಗೆ 45,000ದಷ್ಟು ಕೊಳವೆಗಳು. ಸಾಸಿವೆ ಕಾಳಿನ ಕೆಳಗೆ ಅಡಗುವ ಜಾಗದಲ್ಲಿ! ಒಂದು ಮೈಕ್ರಾನ್ ಅಗಲದ ಶುದ್ಧ ಗಾಜಿನ ನಳಿಕೆಯಲ್ಲಿ ನೀರು ತಾನಾಗಿ ಏರಬಹುದಾದ ಎತ್ತರ 29 ಮೀಟರ್, ಅಂದರೆ ಒಂಬತ್ತು ಮಹಡಿ. ಹಲ್ಲಿನ ಕೊಳವೆಗಳೂ ಹೆಚ್ಚುಕಡಿಮೆ ಅಷ್ಟೇ ಸಪೂರ. ಫಿಲ್ಲಿಂಗ್‌ಗೆ ಮುನ್ನ 37 ಶೇಕಡಾ ಫಾಸ್ಪಾರಿಕ್ ಆಮ್ಲವನ್ನು 15 ಸೆಕೆಂಡ್ ಹಚ್ಚಿ ತೊಳೆಯುವುದು ಈ ಬಾಯಿಗಳನ್ನು ತೆರೆಯಲಿಕ್ಕೆ, ಅಂಟು ಒಳಗಿಳಿಯಲಿಕ್ಕೆ.

ದವಡೆಗೆ ಕೂರಿಸುವ ಟೈಟಾನಿಯಂ ತಿರುಪಿನ ಕಥೆಯೂ ಇದೇ. ಹೊಸದರಲ್ಲಿ ಅದರ ಕೋನ ಸೊನ್ನೆಯ ಹತ್ತಿರ. ಕೆಲವು ವಾರ ಗಾಳಿಗಿಟ್ಟರೆ ಇಂಗಾಲದ ಕೊಳೆ ಕೂತು 60 ದಾಟುತ್ತದೆ. ಕಣ್ಣಿಗೆ ಮಾತ್ರ ಆಗಲೂ ಫಳಫಳ. ಕೆಲವು ಕಂಪನಿಗಳು ಅದನ್ನು ಉಪ್ಪುನೀರಿನಲ್ಲೇ ಮುಳುಗಿಸಿ ಕಳಿಸುವುದು ಅದಕ್ಕೆ.

ಮನೆಯಲ್ಲಿ ಅಜ್ಜನೋ ಅಜ್ಜಿಯೋ ಸೆಟ್ ಹಾಕುವವರಿದ್ದರೆ ರಾತ್ರಿ ಅದನ್ನು ತಣ್ಣೀರಲ್ಲಿ ಇಡಿ, ಒಣಗಲು ಬಿಡಬೇಡಿ. ಕುದಿ ನೀರು ಬೇಡ, ಅಕ್ರಿಲಿಕ್ ಸೊಟ್ಟಗಾಗುತ್ತದೆ. ಬೆಳಗ್ಗೆ ಹಾಕುವ ಮುಂಚೆ ಒದ್ದೆ ಮಾಡಿಕೊಳ್ಳಲಿ. ಅಷ್ಟಾದರೂ ಜಾರುತ್ತಿದ್ದರೆ ಅಂಟಿನ ಪುಡಿ ಕೊಳ್ಳುವ ಮುನ್ನ ಡಾಕ್ಟರಿಗೆ ತೋರಿಸಿ.